ಗೂಡಿಗೆ ಬಲೆ ಹಾಕಿದ್ದು ಯಾರು?

ಸುಧಾಕರ: ಗೆಳೆಯರೇ, ನಮ್ಮ ಹಳೆಯ ತರಗತಿಯ ಸಮ್ಮಿಲನಕ್ಕೆ ಹಾಡು ಬರೆದಿದ್ದೇನೆ. ಮಟ್ಟು ನಾಗರಾಜನದು. ಪಲ್ಲವಿ ಹೀಗಿದೆ:
ನೆನಪಿನ ಕಡಲಲಿ ಸ್ನೇಹದ ಅಲೆ
ಕನಸಿನ ಗೂಡಿಗೆ ಒಲವಿನ ಬಲೆ

ಮಂಜುಳಾ: 👏👏👏 ಅದ್ಭುತ! ಕಣ್ಣು ತುಂಬಿ ಬಂತು.

ವೀಣಾ: ಗೂಡಿಗೆ ಬಲೆ ಹಾಕುವವನು ಬೇಟೆಗಾರ, ಸುಧಾಕರ. ನಾವು ಸಮ್ಮಿಲನಕ್ಕೆ ಬರುತ್ತಿದ್ದೇವೋ, ಸಿಕ್ಕಿಬೀಳುತ್ತಿದ್ದೇವೋ?

ಸುಧಾಕರ: ಪ್ರಾಸಕ್ಕೆ ಬಂತು. ಹಾಡಿನಲ್ಲಿ ಅಷ್ಟೆಲ್ಲ ತರ್ಕ ಹುಡುಕಬಾರದು. ಭಾವ ಮುಖ್ಯ.

ವೀಣಾ: ಯಾವ ಭಾವ? ನಾನೂ ಅದನ್ನೇ ಕೇಳುತ್ತಿದ್ದೇನೆ. ಪದಗಳನ್ನು ಅದಲುಬದಲು ಮಾಡಿ ನೋಡು: ‘ಒಲವಿನ ಕಡಲಲಿ ಕನಸಿನ ಅಲೆ, ಸ್ನೇಹದ ಗೂಡಿಗೆ ನೆನಪಿನ ಬಲೆ’. ಏನಾದರೂ ಕೆಟ್ಟಿತೇ? ಮಾತ್ರೆ ಕೂಡ ತಪ್ಪಲಿಲ್ಲ. ಯಾವುದನ್ನು ಎಲ್ಲಿಟ್ಟರೂ ನಡೆಯುತ್ತದೆ ಎಂದಾದರೆ ಅಲ್ಲಿ ಯಾವ ಪದವೂ ದುಡಿಯುತ್ತಿಲ್ಲ.

ನಾಗರಾಜ: ಪದಗಳ ಮೇಲೆ ಯಾಕಿಷ್ಟು ಮುನಿಸು? ಹಾಡಿಗೆ ಜೀವ ಬರುವುದೇ ಮಟ್ಟಿನಿಂದ. ಇಂಗ್ಲೆಂಡಿನ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ‘ಯೆಸ್ಟರ್‌ಡೇ’ ಹಾಡು ಹೊಸೆದಾಗ ಪದಗಳಿರಲಿಲ್ಲ. ಸದ್ಯಕ್ಕೆ ಇರಲಿ ಎಂದು ಕದಡಿ ಬೇಯಿಸಿದ ಮೊಟ್ಟೆಯ ಮೇಲೆ ಏನೋ ಹಾಡಿಕೊಂಡಿದ್ದರು. ಮಟ್ಟು ಆಗಲೂ ಅದೇ.

ವೀಣಾ: 1965ರಲ್ಲಿ ಮೊಟ್ಟೆಯನ್ನೇ ಧ್ವನಿಮುದ್ರಿಸಿದ್ದರೆ ಅದನ್ನು ಕೇಳಿ ಯಾರು ನಿಟ್ಟುಸಿರು ಬಿಡುತ್ತಿದ್ದರು? ಪುರಂದರದಾಸರನ್ನೇ ತೆಗೆದುಕೋ. 16ನೆಯ ಶತಮಾನದಲ್ಲಿ ಅವರು ಹಾಡಿದ ಮಟ್ಟುಗಳು ಬಹುಪಾಲು ಕಳೆದುಹೋಗಿವೆ. ಒಂದೇ ಕೀರ್ತನೆಯನ್ನು ಇಂದು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುತ್ತಾರೆ. ಉಳಿದು ಬಂದದ್ದು ಪದ.

ನಾಗರಾಜ: ಉಳಿದದ್ದು ಹಾಡುತ್ತ ಬಂದದ್ದರಿಂದ. ಬರಿಯ ಓಲೆಗರಿಯಲ್ಲಿ ಇದ್ದಿದ್ದರೆ ಇಷ್ಟು ಜನರ ನಾಲಿಗೆಯ ಮೇಲೆ ಇರುತ್ತಿತ್ತೇ? ರಾಗ ಯಾವುದಾದರೂ ಆಗಲಿ, ರಾಗ ಬೇಕೇ ಬೇಕು.

ಶಾರದಾ: ಇಬ್ಬರೂ ಕೇಳುವವರನ್ನು ಮರೆತಿದ್ದೀರಿ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬುದನ್ನು ಎಷ್ಟೋ ಮಂದಿ ಪ್ರೇಮಗೀತೆ ಎಂದೇ ಗುನುಗುತ್ತಾರೆ. ಮಗುವನ್ನು ಕಳೆದುಕೊಂಡ ತಂದೆ ಮಡದಿಗೆ ಹೇಳುವ ಮಾತು ಎಂದು ತಿಳಿದ ಮೇಲೆ ಅದೇ ಪದ, ಅದೇ ಮಟ್ಟು ಬೇರೆಯೇ ಆಗಿಬಿಡುತ್ತದೆ. ಅರ್ಥ ಇರುವುದು ಕೇಳುವವರ ಬಳಿ.

ವೀಣಾ: ಅರ್ಧ ಒಪ್ಪುತ್ತೇನೆ. ಆದರೆ ಅದರಲ್ಲಿ ಹುಣ್ಣಿಮೆ ಚಂದ್ರನ ಹೆಣ ಹಗಲು ಹೊತ್ತು ಮುಗಿಲಲ್ಲಿ ತೇಲಿ ಬರುತ್ತದೆ. ಹಗಲಿನ ಚಂದ್ರನನ್ನು ಎಲ್ಲರೂ ಕಂಡಿದ್ದೇವೆ, ಆ ಬಿಳಿಚಿದ ಬಣ್ಣವನ್ನೂ. ಹಿನ್ನೆಲೆ ಗೊತ್ತಿಲ್ಲದವರಿಗೂ ಅಲ್ಲಿ ಎದೆ ಝಲ್ಲೆನ್ನಬೇಕು. ಪ್ರೇಮಗೀತೆಯಲ್ಲಿ ಹೆಣಕ್ಕೇನು ಕೆಲಸ? ಕೇಳುವವರಿಗೆ ದಕ್ಕಿದ್ದು ಕವಿ ಇಟ್ಟಿದ್ದರಿಂದ. ನಮ್ಮ ಕಡಲು, ಅಲೆಗಳಲ್ಲಿ ಹೆಕ್ಕಿಕೊಳ್ಳಲು ಏನಿದೆ ಹೇಳು.

ಸುಧಾಕರ: ಬೇಂದ್ರೆಯವರ ಎದುರು ನನ್ನನ್ನು ನಿಲ್ಲಿಸಿದರೆ ಹೇಗಮ್ಮಾ? ನಾನು ಬರೆದಿರುವುದು ಇಡೀ ತರಗತಿ ಒಟ್ಟಿಗೆ ಹಾಡಲೆಂದು. ಎಲ್ಲರಿಗೂ ಹೊಂದಬೇಕು, ಅದಕ್ಕೇ ಎಲ್ಲರ ಪದಗಳು. ಒಬ್ಬರ ಸ್ವಂತ ಕಥೆ ತಂದರೆ ಉಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ.

ವೀಣಾ: ‘ಸ್ನೇಹ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಅಷ್ಟೇ. ಗೋಪಿ ತಡವಾಗಿ ಬಂದಾಗಲೆಲ್ಲ ಅವನ ಹೆಸರಿಗೆ ‘ಹಾಜರ್ ಸಾರ್’ ಎಂದು ಓಗೊಡುತ್ತಿದ್ದವನು ನೀನಲ್ಲವೇ? ಅದೂ ಅವನ ದನಿಯನ್ನೇ ಅನುಕರಿಸಿ. ಅದು ಈ ಹಾಡಿನಲ್ಲಿ ಎಲ್ಲಿದೆ?

ಮಂಜುಳಾ: ಗೋಪಿ ಇದ್ದಿದ್ದರೆ ಈ ಜಗಳ ಓದಿ ಬಿದ್ದು ಬಿದ್ದು ನಗುತ್ತಿದ್ದ.

ಸುಧಾಕರ:
ನಿನ್ನಯ ಹಾಜರಿ ಕೂಗಿದ ದಿನ
ಓಗೊಡುತಿದ್ದುದು ನನ್ನಯ ದನಿ
ಪ್ರಾಸ ಕೂರಲಿಲ್ಲ.

ಶಾರದಾ: ಪ್ರಾಸ ಹಾಳಾಗಲಿ, ಇದನ್ನೇ ಇಡು. ಆದರೆ ಗೋಪಿಯನ್ನು ಅರಿಯದ ನಮ್ಮ ಮಕ್ಕಳಿಗೆ ತಮಾಷೆಯ ಹಾಡು ಎನಿಸೀತು.

ವೀಣಾ: ಎನಿಸಲಿ. ಮೊದಲು ನಗಲಿ. ಚರಣದಲ್ಲಿ ‘ಅಗಲಿದ ಗೆಳೆಯ’ ಎಂದು ಮಾತ್ರ ಬರೆಯಬೇಡ, ಸುಧಾಕರ. ಕೊನೆಯಲ್ಲಿ ಇನ್ನೊಮ್ಮೆ ಹೆಸರು ಕೂಗಿಸು, ಯಾರೂ ಓಗೊಡದಿರಲಿ.

ನಾಗರಾಜ: ಸಾಲೇನೋ ಸರಿ. ನನ್ನ ಮಟ್ಟು ಚಪ್ಪಾಳೆ ತಟ್ಟುವಂಥ ಚುರುಕಿನದು. ಆ ಓಟದಲ್ಲಿ ಇದನ್ನು ಹಾಡಿದರೆ ಗೋಪಿಯನ್ನು ಅಣಕಿಸಿದಂತಾಗುತ್ತದೆ.

ವೀಣಾ: ಹಾಗಾದರೆ ಬದಲಾಗಬೇಕಾದದ್ದು ಮಟ್ಟು.

ನಾಗರಾಜ: ನೋಡು, ಮಟ್ಟು ಕೆಟ್ಟರೆ ನಿನ್ನ ಪದವೂ ಕೆಡುತ್ತದೆ ಎಂದು ನೀನೇ ಒಪ್ಪಿದಂತಾಯಿತು. ವಿಳಂಬ ಲಯದಲ್ಲಿ ಹಾಡಿ ರಾತ್ರಿ ಕಳಿಸುತ್ತೇನೆ. ಆ ‘ನನ್ನಯ’ ತೆಗೆದುಹಾಕು ಸುಧಾಕರ, ನಾಟಕ ಕಂಪನಿಯ ಪದದಂತಿದೆ. ‘ನನ್ನ ದನಿ’ ಸಾಕು.

ಸುಧಾಕರ: ಒಂದು ಮಾತ್ರೆ ಕಡಿಮೆ ಬೀಳುತ್ತದಲ್ಲ.

ನಾಗರಾಜ: ಎಳೆದು ಹಾಡುತ್ತೇನೆ. ಅದೊಂದು ಮಾತ್ರೆಯ ಹೊಣೆ ನನ್ನದು.