ಕೆಳಗಿನ ಹಲ್‌ಸೆಟ್ ಡಬ್ಬಿಯಲ್ಲೇ ಉಳಿಯೋದು ಯಾಕೆ?

ಶುಶ್ರೂಷಕಿ:
ಹಲ್ಲೆಲ್ಲ ಉದುರಿದ ಹಿರಿಯರಲ್ಲಿ ಬಹಳ ಮಂದಿ ಮೇಲಿನ ಸೆಟ್ ಮಾತ್ರ ಹಾಕ್ಕೊಂಡು ಕೆಳಗಿನದನ್ನ ಡಬ್ಬಿಯಲ್ಲೇ ಇಟ್ಟಿರ್ತಾರೆ. ಮುದ್ದೆ ನುಂಗೋಕೆ ಹಲ್ಲು ಬೇಡ, ಸರಿ. ಆದರೆ ಕಾಳು, ದಂಟಿನ ಸೊಪ್ಪು, ಸೌತೆಕಾಯಿ, ರೊಟ್ಟಿ ಒಂದೊಂದೇ ತಟ್ಟೆ ಬಿಟ್ಟು ಹೋಗಿ, ಕೊನೆಗೆ ಮೆತ್ತನೆ ಅನ್ನ-ಸಾರು, ಹಾಲು-ಬ್ರೆಡ್ಡೇ ಗತಿ. ಮದುವೆಗೆ ಬಂದರೂ ಪಂಕ್ತಿಯಲ್ಲಿ ಕೂರಲ್ಲ, ನಕ್ಕರೆ ಸೆರಗು ಬಾಯಿಗೆ ಹೋಗುತ್ತೆ. ಹೊಸ ಸೆಟ್ ಮಾಡಿಸೋ ಮೊದಲು ಏನು ನೋಡಬೇಕು?

ಕೃತಕದಂತ ವೈದ್ಯ:
ಮೇಲಿನ ಸೆಟ್ ಅಂಗುಳನ್ನೆಲ್ಲ ಮುಚ್ಚುತ್ತೆ, ನಡುವಿನ ತೆಳು ಜೊಲ್ಲಿನ ಪದರವೇ ಅದನ್ನ ಹಿಡಿದಿಡುತ್ತೆ. ಕೆಳಗಿನದು ಕುದುರೆ ಲಾಳದಷ್ಟೇ ಕಿರಿದು, ಮಧ್ಯದಲ್ಲಿ ನಾಲಿಗೆ ಬೇರೆ. ಜೊತೆಗೆ ಹಲ್ಲು ಕಿತ್ತ ಜಾಗದ ಮೂಳೆ ಸವೆಯುತ್ತೆ: ಮೊದಲ ವರ್ಷ ಜೋರಾಗಿ, ಆಮೇಲೆ ನಿಧಾನವಾಗಿ. ದೀರ್ಘ ಕಾಲದಲ್ಲಿ ಕೆಳದವಡೆಯ ಸವೆತ ಮೇಲಿನದರ ಸುಮಾರು 4 ಪಟ್ಟು.

ಎರಡೂ ತೋರುಬೆರಳನ್ನ ಕೆಳಗಿನ ಸೆಟ್ಟಿನ ಎಡ-ಬಲ ಅಗಿಯುವ ಹಲ್ಲುಗಳ ಮೇಲಿಟ್ಟು ಒಂದಾದ ಮೇಲೊಂದು ಒತ್ತಿ ನೋಡಿ. ಒತ್ತಿದಾಗ ಆಚೆ ಬದಿ ಎದ್ದರೆ ತಳ ಹೊಂದ್ತಿಲ್ಲ, ರಿಲೈನ್ ಬೇಕು, ಅಂದರೆ ಒಸಡಿಗೆ ಕೂರೋ ಹಾಗೆ ಒಳಬದಿಗೆ ಹೊಸ ಪದರ ಹಾಕಿಸಬೇಕು. ಒತ್ತಿದಾಗ ಅಲುಗದೆ, ನಾಲಿಗೆ ಎತ್ತಿದಾಗ ಅಥವಾ ಬಾಯಿ ದೊಡ್ಡದಾಗಿ ತೆರೆದಾಗ ಎದ್ದರೆ ಅಂಚು ಉದ್ದವಾಗಿರಬಹುದು. ಹಲ್ಲು ಕಚ್ಚಿದಾಗ ಮಾತ್ರ ಜಾರಿದರೆ ಕಚ್ಚುವ ಹೊಂದಾಣಿಕೆ ತಪ್ಪಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಇದನ್ನ ನೋಡದೆ ಹೊಸ ಸೆಟ್ಟಿಗೆ ದುಡ್ಡು ಸುರಿಯಬೇಡಿ.

ಇನ್ನು ನಾಲಿಗೆ. ಅದರ ತುದಿ ಕೆಳಗಿನ ಮುಂಭಾಗದ ಹಲ್ಲಿನ ಹಿಂಬದಿಗೆ ತಾಗಿರಬೇಕು. ಹಿಂದಕ್ಕೆ ಎಳೆದುಕೊಳ್ಳೋ ಅಭ್ಯಾಸ ಇದ್ದರೆ ಎಂಥ ಸೆಟ್ಟೂ ಸಡಿಲವೇ.

ಹಲ್‌ಸೆಟ್ ತಂತ್ರಜ್ಞ:
ಮುಂದಿನ ಹಲ್ಲಲ್ಲಿ ಕಚ್ಚಿದರೆ ಹಿಂಭಾಗ ಏಳುತ್ತೆ. ಸೀಬೆಹಣ್ಣು ಹೆಚ್ಚಿ ಕೊಡಿ, ಜೋಳದ ರೊಟ್ಟಿ ಪಲ್ಯದಲ್ಲಿ ನೆನೆಸಿ. ತುತ್ತನ್ನ ಎರಡು ಭಾಗ ಮಾಡಿ ಎರಡೂ ಬದಿ ಒಟ್ಟಿಗೆ ಅಗಿಯೋದು ಕಲಿಸಿ. ಒಳ್ಳೆ ಸೆಟ್ಟಿಗೂ ಸಹಜ ಹಲ್ಲಿನ ಕಾಲು ಭಾಗದಷ್ಟು ಶಕ್ತಿ ಬಂದರೆ ಹೆಚ್ಚು, ಇದನ್ನ ಮೊದಲೇ ಹೇಳಿಬಿಡಬೇಕು.

ಮಾತು ತೊದಲಿದರೆ ದಿನಾ ಪೇಪರ್ ಗಟ್ಟಿಯಾಗಿ ಓದಿಸಿ. ತ, ದ, ನ ದಂತ್ಯಾಕ್ಷರಗಳು, ಸಕಾರದಲ್ಲಿ ಸಿಳ್ಳೆ ಬರುತ್ತೆ. ಕೆಲವು ವಾರ ಕಳೆದರೂ ಹೋಗದಿದ್ದರೆ ಅಂಗುಳಿನ ಭಾಗದ ದಪ್ಪ ತಿದ್ದಿಸಬೇಕು.

ಹುಣ್ಣಾದರೆ ಮನೆಯಲ್ಲೇ ಉಜ್ಜುಕಾಗದ ಹಿಡಿಯಬೇಡಿ. ನೋವು ತಡೆಯೋ ಹಾಗಿದ್ದರೆ ವೈದ್ಯರ ಹತ್ತಿರ ಹೋಗೋ ಮೊದಲು ಕೆಲ ಗಂಟೆ ಸೆಟ್ ಹಾಕ್ಕೊಂಡೇ ಇರಲಿ, ಒತ್ತುವ ಜಾಗದ ಗುರುತು ಆಗಲೇ ಕಾಣೋದು.

ಶುಶ್ರೂಷಕಿ:
ಬಾಯಿ ಮೂಲೆ ಒಡೆದು ಬೆಳ್ಳಗಾಗೋದಕ್ಕೆ ವಿಟಮಿನ್ ಮಾತ್ರೆ ಸಾಕಾ? ಎರಡು ಇಂಪ್ಲಾಂಟ್ (ದವಡೆ ಮೂಳೆಯಲ್ಲಿ ಕೂರಿಸೋ ತಿರುಪು) ಹಾಕಿಸಿ ಅಂತಾರಲ್ಲ, ಅದು?

ಕೃತಕದಂತ ವೈದ್ಯ:
ಮಾತ್ರೆ ಒಂದೇ ಸಾಲದು. ಸೆಟ್ಟಿನ ಹಲ್ಲು ಸವೆದು ಮುಖದ ಎತ್ತರ ಕುಗ್ಗಿದಾಗ ಮೂಲೆಯಲ್ಲಿ ಮಡಿಕೆ ಬಿದ್ದು ಜೊಲ್ಲು ನಿಲ್ಲುತ್ತೆ, ಕ್ಯಾಂಡಿಡಾ ಶಿಲೀಂಧ್ರ ಸೇರಿಕೊಳ್ಳುತ್ತೆ. ರಾತ್ರಿ ಸೆಟ್ ತೆಗೆದು ತಣ್ಣೀರಲ್ಲಿಡಿ. ಮೆತ್ತನೆ ಬ್ರಷ್, ಸಾಬೂನು ಸಾಕು. ಪೇಸ್ಟ್ ಗೀರು ಹಾಕುತ್ತೆ, ಬಿಸಿನೀರು ಆಕಾರ ಕೆಡಿಸುತ್ತೆ. ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿ ಇರಲಿ, ಜಾರಿ ಬಿದ್ದರೆ ಒಡೆಯಲ್ಲ.

ಕೆಳದವಡೆಯ ಮುಂಭಾಗದಲ್ಲಿ 2 ಇಂಪ್ಲಾಂಟ್ ಹಾಕಿ ಸೆಟ್ಟನ್ನ ಗುಂಡಿಯ ಹಾಗೆ ಸಿಕ್ಕಿಸೋದು ನಿಜಕ್ಕೂ ಒಳ್ಳೆಯದು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಇದನ್ನೇ ಮೊದಲ ಆಯ್ಕೆ ಅಂದರು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಮೈಮೂಳೆ ಟೊಳ್ಳಾಗೋ ಕಾಯಿಲೆಗೆ (ಆಸ್ಟಿಯೋಪೊರೋಸಿಸ್) ಜೊಲೆಡ್ರೋನಿಕ್ ಆಸಿಡ್ ಅಥವಾ ಡೆನೊಸುಮ್ಯಾಬ್ ಚುಚ್ಚುಮದ್ದು ತಗೊಂಡಿದ್ದರೆ ಮೊದಲೇ ಹೇಳಿ, ದವಡೆ ಮೂಳೆ ಮಾಯದೆ ಉಳಿಯೋ ಅಪಾಯ ಇದೆ.