ಒಂದು ಬಾರ್ ಜಾಸ್ತಿ ಆಯಿತು

ಹೋದ ಭಾನುವಾರ ನಮ್ಮ ಮನೆಯವರ ಗುಂಪಿನಲ್ಲಿ ನಡೆದ ಜಗಳ ಇದು. ಗುಡ್ ಮಾರ್ನಿಂಗ್ ಗುಲಾಬಿಗಳನ್ನೂ ನಡುವೆ ಬಂದ ಹೋಳಿಗೆ ಫೋಟೋಗಳನ್ನೂ ತೆಗೆದಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆಯೇ ಇವೆ.

ಅಕ್ಕ: ಬೆಂಗಳೂರಿನಲ್ಲಿ ಪಿಯಾನೋ ಶೀಟ್ ಮ್ಯೂಸಿಕ್, ಅಂದರೆ ಸ್ವರ ಅಚ್ಚು ಹಾಕಿದ ಪುಸ್ತಕ, ಎಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತಾ? ಪುಟ್ಟಿಯ ಮೇಷ್ಟ್ರು ಬಾಕ್ ಅನ್ನುವ ಜರ್ಮನ್ ಸಂಗೀತಗಾರನ ಪುಸ್ತಕ ತರಲು ಹೇಳಿದ್ದಾರೆ. ನಿನ್ನೆ ಒಂದು ಅಂಗಡಿಗೆ ಹೋಗಿ ‘ಶೀಟ್ ಇದೆಯಾ’ ಅಂದೆ. ಹುಡುಗ ಒಳಗೆ ಹೋಗಿ ಕೀಬೋರ್ಡಿಗೆ ಹೊದಿಸುವ ರೆಕ್ಸಿನ್ ಶೀಟ್ ತಂದ. ಎರಡು ಬಣ್ಣದಲ್ಲಿ ಇತ್ತು.

ಮೈಸೂರು ದೊಡ್ಡಪ್ಪ: 📄 ಬಾಕ್ ಪೂರ್ತಿ ಪಿಡಿಎಫ್

ಮೈಸೂರು ದೊಡ್ಡಪ್ಪ: ತಗೋ. ಹೋದ ತಿಂಗಳೂ ಇದನ್ನೇ ಕಳಿಸಿದ್ದೆ. ಎಲ್ಲ ಉಚಿತ. ಸುಮ್ನೆ ಟ್ರಾಫಿಕ್‌ನಲ್ಲಿ ಯಾಕೆ ಅಲೆಯುತ್ತೀರಿ? ಪ್ರಿಂಟ್ ತೆಗೆಸಿ, ಸ್ಪೈರಲ್ ಹಾಕಿಸಿ, ಮುಗಿಯಿತು.

ಅಕ್ಕ: ಅದೇ ಪ್ರಿಂಟಿನಿಂದಲೇ ದೊಡ್ಡಪ್ಪ ತೊಂದರೆ ಆಗಿದ್ದು. ಪುಟ್ಟಿ ನುಡಿಸುವಾಗ ಮೇಷ್ಟ್ರು ನಡುವೆ ನಿಲ್ಲಿಸಿ, ‘ಈ ಬಾರ್ ಎಲ್ಲಿಂದ ಬಂತು’ ಅಂದರಂತೆ.

ದಾದರ್ ಚಿಕ್ಕಮ್ಮ: ಯಾವ ಬಾರ್? ಮಗು ಬಾರ್‌ಗೆ ಹೋಗುತ್ತಿದೆಯಾ?? 😳

ಪುಟ್ಟಿ: ಅಜ್ಜೀಈಈ. ಶೀಟ್‌ನಲ್ಲಿ ಎರಡು ಉದ್ದ ಗೆರೆಗಳ ಮಧ್ಯೆ ಇರುತ್ತಲ್ಲ, ಅದು ಬಾರ್. ನಮ್ಮ ತಾಳದ ಆವರ್ತ ಇದ್ದ ಹಾಗೆ. ನಾನು ಕಲಿಯುತ್ತಿರೋ ಪ್ರಿಲ್ಯೂಡ್ ಅನ್ನುವ ಈ ಚಿಕ್ಕ ಕೃತಿಯಲ್ಲಿ 35 ಇರಬೇಕು. ನನ್ನ ಪ್ರಿಂಟಲ್ಲಿ 36 ಇದೆ.

ಮೈಸೂರು ದೊಡ್ಡಪ್ಪ: ಒಂದು ಜಾಸ್ತಿ ತಾನೇ ಇರೋದು. ಕಮ್ಮಿ ಇಲ್ಲವಲ್ಲ.

ನಾನು: ದೊಡ್ಡಪ್ಪ, ಬಾಕ್ ಇದನ್ನು ಬರೆದದ್ದು 1722ರಲ್ಲಿ. ಆ ಜಾಸ್ತಿ ಬಾರ್ ಅವನು ಹಾಕಿದ್ದಲ್ಲ. ಅವನು ಸತ್ತು ಎಷ್ಟೋ ವರ್ಷದ ಮೇಲೆ ಶ್ವೆಂಕೆ ಅನ್ನುವ ಹ್ಯಾಂಬರ್ಗ್ ಸಂಗೀತಗಾರನ ಪ್ರತಿಯಲ್ಲಿ ಅದು ಕಾಣಿಸಿಕೊಂಡಿತು. ಆಮೇಲೆ ಚೆರ್ನಿಯಂಥ ಪಿಯಾನೋ ಮೇಷ್ಟ್ರುಗಳು ಅದನ್ನೇ ಅಚ್ಚು ಹಾಕಿಸಿದರು. ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುವುದರಲ್ಲಿ ಇಂಥ ನೂರೈವತ್ತು ವರ್ಷ ಹಳೆಯ ಅಚ್ಚುಗಳೇ ಜಾಸ್ತಿ. ಪ್ರತಿ ಪುಟದಲ್ಲೂ ಜೋರಾಗಿ ನುಡಿಸು, ಮೆಲ್ಲಗೆ ನುಡಿಸು ಅಂತ ಬರೆದಿರುತ್ತದೆ. ಅದೂ ಬಾಕ್ ಬರೆದದ್ದಲ್ಲ.

ಮೈಸೂರು ದೊಡ್ಡಪ್ಪ: ಪಿಡಿಎಫ್ ತಪ್ಪು, ಅಂಗಡಿ ಪುಸ್ತಕ ಸರಿ. ಹೀಗೆ ಯಾರು ಹೇಳಿದ್ದು?

ನ್ಯೂಯಾರ್ಕ್ ಭಾವ: ದೊಡ್ಡಪ್ಪ ಹೇಳೋದರಲ್ಲಿ ಅರ್ಧ ಸತ್ಯ ಇದೆ. ಐಎಂಎಸ್‌ಎಲ್‌ಪಿ ಅಂತ ಶೀಟ್ ಮ್ಯೂಸಿಕ್ ಉಚಿತವಾಗಿ ಕೊಡುವ ಒಂದು ಇಂಟರ್ನೆಟ್ ತಾಣ ಇದೆ, 2006ರಲ್ಲಿ ಶುರುವಾಯಿತು. ಅಲ್ಲಿ ಚೆರ್ನಿ ಪ್ರತಿಯೂ ಇದೆ, ಬಾಕ್‌ನ ಸ್ವಂತ ಕೈಬರಹದ ಚಿತ್ರವೂ ಇದೆ. ಆ ಕೈಬರಹದಲ್ಲಿ ಎಣಿಸಿ, 35 ಬಾರ್. ಅದೂ ಪುಕ್ಕಟೆಯೇ. ಯಾವುದನ್ನು ಇಳಿಸಿಕೊಳ್ಳಬೇಕು ಅಂತ ಗೊತ್ತಿರಬೇಕು ಅಷ್ಟೇ.

ಅಕ್ಕ: ಗೊತ್ತಿದ್ದರೆ ನಾನು ಇಲ್ಲಿ ಯಾಕೆ ಕೇಳುತ್ತಿದ್ದೆ ಭಾವ.

ನಾನು: ಅದಕ್ಕೇ ಅಂಗಡಿ ಬೇಕು ಅನ್ನೋದು. ಒಳ್ಳೆಯ ಅಂಗಡಿಯಲ್ಲಿ ಒಂದೇ ಕೃತಿಯ ಎರಡು ಮೂರು ಅಚ್ಚು ಇರುತ್ತವೆ. ಪಕ್ಕ ಪಕ್ಕ ಬಿಚ್ಚಿಟ್ಟು ನೋಡಬಹುದು. ಯಾವ ಬೆರಳಿನಲ್ಲಿ ನುಡಿಸಬೇಕು ಅಂತ ನಂಬರ್ ಇದೆಯಾ, ಅಕ್ಷರ ದಪ್ಪ ಇದೆಯಾ, ಪುಟ ತಿರುಗಿಸುವ ಜಾಗದಲ್ಲಿ ಒಂದು ಕೈ ಬಿಡುವಾಗಿರುತ್ತದಾ ಅಂತ ನೋಡಬೇಕು. ನಮ್ಮ ಪುಟ್ಟಿಯ ಪ್ರಿಂಟಿನಲ್ಲಿ ಪುಟ ಮುಗಿಯೋದು ಎರಡೂ ಕೈ ಓಡುತ್ತಿರುವಾಗ. ಹೋದ ವಾರ ನಾನೇ ಪಕ್ಕದಲ್ಲಿ ನಿಂತು ತಿರುಗಿಸಿದೆ. ಎರಡು ಹಾಳೆ ಒಟ್ಟಿಗೆ ತಿರುಗಿತು. ಅವಳು ನೋಡಿದ ನೋಟ ಇನ್ನೂ ಮರೆತಿಲ್ಲ.

ಪುಟ್ಟಿ: ಮಾಮ ಇನ್ನು ಮುಂದೆ ಬೇಡ 🙏

ಚೆನ್ನೈ ಅತ್ತೆ: ಇಷ್ಟು ಮಾತಾಡುವ ಬದಲು ಇಲ್ಲಿಗೆ ಬನ್ನಿ. ಮೌಂಟ್ ರೋಡಿನಲ್ಲಿ ಮ್ಯೂಸಿ ಮ್ಯೂಸಿಕಲ್ ಇದೆ. 1842ರ ಅಂಗಡಿ, ಆಗ ಮಿಸ್ಕ್ವಿತ್ ಅಂತ ಹೆಸರು. ಪಿಯಾನೋ ಜೊತೆ ಪುಸ್ತಕವೂ ಇಡುತ್ತಾರೆ.

ದಾದರ್ ಚಿಕ್ಕಮ್ಮ: ಮುಂಬೈ ಬಿಟ್ಟು ಚೆನ್ನೈ ಯಾಕೆ? ಧೋಬಿ ತಲಾವ್, ಜೇರ್ ಮಹಲ್, ಫುರ್ಟಾಡೋಸ್. 1865ರಿಂದ ಇದೆ. ಸುತ್ತಮುತ್ತ ಗೋವಾದ ಸಂಗೀತಗಾರರು ಇದ್ದ ಜಾಗ. ಮೆಟ್ರೋ ಸಿನಿಮಾ ಎದುರು ಇಳಿದು ಯಾರನ್ನು ಕೇಳಿದರೂ ತೋರಿಸುತ್ತಾರೆ.

ಚೆನ್ನೈ ಅತ್ತೆ: 1842 ಮೊದಲು ಬರುತ್ತೆ, 1865 ಆಮೇಲೆ. ಲೆಕ್ಕ ಅಷ್ಟೇ. 🙂

ಅಕ್ಕ: ಒಂದು ಪುಸ್ತಕಕ್ಕೆ ರೈಲು ಹತ್ತಬೇಕಾ? ಬೆಂಗಳೂರು ಇಷ್ಟು ದೊಡ್ಡ ಊರು!

ನಾನು: ಫುರ್ಟಾಡೋಸ್ ಬೆಂಗಳೂರಿನಲ್ಲೂ ಇದೆ ಅಕ್ಕ. ಆದರೆ ಸುಮ್ಮನೆ ಹೋಗಬೇಡ, ಫೋನ್ ಮಾಡು. ‘ಶೀಟ್ ಇದೆಯಾ’ ಅನ್ನಬೇಡ. ‘ಬಾಕ್, ವೆಲ್ ಟೆಂಪರ್ಡ್ ಕ್ಲಾವಿಯರ್, ಮೊದಲ ಭಾಗ, ಹೆನ್ಲೆ ಅಚ್ಚು, ಎಚ್‌ಎನ್ 14’ ಅನ್ನು. ಪುಟ್ಟಿಯ ಪ್ರಿಲ್ಯೂಡ್ ಇರೋದು ಅದರಲ್ಲೇ. ಹೆನ್ಲೆ ಅಂದರೆ ಪ್ರಕಾಶಕರು, ಎಚ್‌ಎನ್ 14 ಅವರ ಪುಸ್ತಕದ ನಂಬರ್. ನೀಲಿ ರಟ್ಟಿನ ಪುಸ್ತಕ ಅದು. ಪುಸ್ತಕದ ಹೆಸರು ಗೊತ್ತಿಲ್ಲದ ಹುಡುಗನೂ ನಂಬರ್ ಹಾಕಿ ಹುಡುಕಬಹುದು. ಇಲ್ಲದಿದ್ದರೆ ತರಿಸಿಕೊಡಿ ಅಂತ ಕೇಳಬಹುದು.

ಇನ್ನೊಂದು. ಪಿಯಾನೋ ಮಾರುವ ಅಂಗಡಿಯಲ್ಲೆಲ್ಲ ಪುಸ್ತಕ ಇರೋದಿಲ್ಲ. ಗಿಟಾರ್ ತಿಂಗಳಿಗೆ ಹತ್ತು ಹೋದರೆ ಬಾಕ್ ವರ್ಷಕ್ಕೆ ಎರಡು ಹೋಗಬಹುದು. ಬಾಡಿಗೆ ಕಟ್ಟುವವನು ಕಪಾಟಿನಲ್ಲಿ ಏನು ಇಡುತ್ತಾನೆ ಹೇಳು? ಪರೀಕ್ಷೆಯ ಗ್ರೇಡ್ ಪುಸ್ತಕ ಮಾತ್ರ ಇಡುತ್ತಾನೆ, ಅದು ಓಡುತ್ತೆ. ಹಾಗಾಗಿ ಮೊದಲು ಮೇಷ್ಟ್ರನ್ನೇ ಕೇಳು, ಅವರು ಎಲ್ಲಿಂದ ತರಿಸುತ್ತಾರೆ ಅಂತ.

ನ್ಯೂಯಾರ್ಕ್ ಭಾವ: ಬೆಂಗಳೂರಿಗೆ ಬೈಯಬೇಡಿ. ನಮ್ಮ ಊರಿನ ಕಥೆ ಕೇಳಿ. ಕಾರ್ನೆಗಿ ಹಾಲ್ ಹಿಂದೆಯೇ ಪೇಟೆಲ್ಸನ್ ಅಂತ ಅಂಗಡಿ ಇತ್ತು, 2009ರಲ್ಲಿ ಮುಚ್ಚಿತು. ಆಮೇಲೆ ಉಳಿದಿದ್ದು ಫ್ರಾಂಕ್ ಮ್ಯೂಸಿಕ್. 1937ರ ಅಂಗಡಿ. ಅದೂ 2015ರಲ್ಲಿ ಬಾಗಿಲು ಹಾಕಿತು. ಇದ್ದ ಸರಕನ್ನೆಲ್ಲ ಒಬ್ಬರು ಕೊಂಡು ಲಾಸ್ ಏಂಜಲೀಸ್‌ನ ಒಂದು ಸಂಗೀತ ಶಾಲೆಗೆ ಕೊಟ್ಟುಬಿಟ್ಟರು. ಈಗ ಜೂಲಿಯಾರ್ಡ್ ಸಂಗೀತ ಶಾಲೆಯ ಅಂಗಡಿಗೆ ಹೋಗಬೇಕು.

ಮೈಸೂರು ದೊಡ್ಡಪ್ಪ: ನೋಡಿ! ನ್ಯೂಯಾರ್ಕಿನಲ್ಲೇ ಮುಚ್ಚಿದ ಮೇಲೆ ಇನ್ನೇನು? ಪಿಡಿಎಫ್ ಗೆದ್ದಿತು.

ನ್ಯೂಯಾರ್ಕ್ ಭಾವ: ಗೆದ್ದಿದ್ದು ಅಂತ ನಾನು ಹೇಳಲಿಲ್ಲ 😐

ಲಾಯರ್ ತಮ್ಮ: ಈಗ ಎದ್ದೆ. ಉಚಿತ ಅಂತ ಯಾರೋ ಅಂದ ಹಾಗಾಯಿತು?

ಅಕ್ಕ: ಬಂದ.

ಲಾಯರ್ ತಮ್ಮ: ಬಾಕ್‌ಗೆ ಹಕ್ಕುಸ್ವಾಮ್ಯ ಇಲ್ಲ, ಸರಿ. ಎಲ್ಲರಿಗೂ ಹಾಗಲ್ಲ. ನಮ್ಮಲ್ಲಿ ಬರೆದವರು ಸತ್ತು 60 ವರ್ಷ ಆಗಬೇಕು. ಮೊದಲು 50 ಇತ್ತು. ಟ್ಯಾಗೋರ್ ಕೃತಿಗಳ ಅವಧಿ 1991ಕ್ಕೆ ಮುಗಿಯುತ್ತದೆ ಅಂತ ಹತ್ತು ವರ್ಷ ಏರಿಸಿದರು. ಬಾರ್ಟೋಕ್ ಅನ್ನುವ ಸಂಗೀತಗಾರ 1945ರಲ್ಲಿ ಸತ್ತ, ಹಾಗಾಗಿ ನಮಗೆ 2006ರಿಂದ ಮುಕ್ತ. ಸ್ಟ್ರಾವಿನ್ಸ್ಕಿ ಅನ್ನುವವನು ಸತ್ತದ್ದು 1971ರಲ್ಲಿ, ಅವನದು ಇನ್ನೂ ಮುಕ್ತ ಆಗಿಲ್ಲ. ಭಾವ ಹೇಳಿದ ಆ ತಾಣವೇ 2007ರಲ್ಲಿ ವಿಯೆನ್ನಾದ ಪ್ರಕಾಶಕರೊಬ್ಬರ ನೋಟಿಸಿಗೆ ಮುಚ್ಚಿ, ಮುಂದಿನ ವರ್ಷ ಮತ್ತೆ ತೆರೆಯಿತು. ಅದರ ಮನೆ ಕೆನಡಾದಲ್ಲಿ. ಅಲ್ಲಿ ಸರಿ ಇದ್ದದ್ದು ಇಲ್ಲಿ ಸರಿ ಇರಬೇಕು ಅಂತೇನಿಲ್ಲ.

ಮೈಸೂರು ದೊಡ್ಡಪ್ಪ: ಈಗ ನನ್ನನ್ನು ಜೈಲಿಗೆ ಹಾಕಿಸುತ್ತೀಯಾ?

ಲಾಯರ್ ತಮ್ಮ: ಬಾಕ್‌ಗೆ ಇಲ್ಲ. ಆದರೆ ನೀವು ದೀಪಾವಳಿಗೆ ಕಳಿಸಿದ್ದ ಗ್ರೇಡ್ ಪರೀಕ್ಷೆಯ ಸ್ಕ್ಯಾನ್ ಪುಸ್ತಕ ಇದೆಯಲ್ಲ… 🤐

ಅಕ್ಕ: ಅದು ಪರೀಕ್ಷೆಗೂ ಆಗೋದಿಲ್ಲ. ಪರೀಕ್ಷೆ ನಡೆಸೋದು ಟ್ರಿನಿಟಿ ಆಗಲಿ ಎಬಿಆರ್‌ಎಸ್‌ಎಂ ಆಗಲಿ, ಫೋಟೋಕಾಪಿ ಇಟ್ಟು ನುಡಿಸೋದನ್ನು ಒಪ್ಪೋದಿಲ್ಲ. ಅಸಲಿ ಪುಸ್ತಕ ಇಟ್ಟುಕೊಂಡು, ಪುಟ ತಿರುಗಿಸಲು ಕಷ್ಟವಾದ ಕಡೆ ಒಂದು ಹಾಳೆ ನಕಲು ಮಾಡಿಕೊಂಡರೆ ಸರಿ. ದುಡ್ಡು ಕೊಟ್ಟು ಇಳಿಸಿಕೊಂಡದ್ದೂ ನಡೆಯುತ್ತೆ. ಹೋದ ವರ್ಷ ಆನ್‌ಲೈನ್‌ನಲ್ಲಿ ಒಬ್ಬನ ಹತ್ತಿರ ‘ಒರಿಜಿನಲ್’ ಅಂತ ತರಿಸಿದೆ. ಬಂದಿದ್ದು ಜೆರಾಕ್ಸ್. ಯಾರದ್ದೋ ಹೆಬ್ಬೆರಳು ಕೂಡ ಪ್ರತಿ ಹಾಳೆಯ ಮೂಲೆಯಲ್ಲಿ ಪ್ರಿಂಟ್ ಆಗಿತ್ತು.

ಪುಟ್ಟಿ: ಆ ಹೆಬ್ಬೆರಳಿಗೆ ನಾನು ಮೀಸೆ ಬರೆದಿದ್ದೇನೆ.

ಚೆನ್ನೈ ಅತ್ತೆ: ನಮ್ಮ ಸಂಗೀತಕ್ಕೆ ಈ ಗೋಳೇ ಇಲ್ಲ ನೋಡಿ. ಗುರು ಹೇಳಿದ್ದು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು. ಸರಳೆ ವರಸೆಗೆ ಯಾರಾದರೂ ಅಂಗಡಿ ಹುಡುಕಿದರಾ?

ದಾದರ್ ಚಿಕ್ಕಮ್ಮ: ಹುಡುಕುತ್ತಾರೆ ಮಾರಾಯ್ತಿ. ನಮ್ಮಲ್ಲಿ ಭಾತಖಂಡೆಯವರ ಕ್ರಮಿಕ ಪುಸ್ತಕ ಮಾಲಿಕೆಯ ಆರು ಭಾಗ ಹೊಂದಿಸಲು ಹಿಂದೂಸ್ತಾನಿ ಮಕ್ಕಳು ಎಷ್ಟು ಅಲೆಯುತ್ತಾರೆ ಗೊತ್ತಾ? ಹಿಂದಿಯದು ಹಾಥರಸ್‌ನಿಂದ ಬರಬೇಕು.

ನಾನು: ಅತ್ತೆ, ನೀವೇ ರಾಯಪೇಟೆಯ ಕರ್ನಾಟಿಕ್ ಮ್ಯೂಸಿಕ್ ಬುಕ್ ಸೆಂಟರ್‌ನಿಂದ ಚೀಲ ತುಂಬಿಸಿಕೊಂಡು ಬರುತ್ತಿದ್ದಿರಿ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಲ್ಲಿ ಅಷ್ಟು ದೊಡ್ಡ ಪುಸ್ತಕ ತೆಲುಗಿನಲ್ಲಿ ಅಚ್ಚು ಹಾಕಿಸಿದ್ದು, ಪ್ರತಿ ಗಮಕಕ್ಕೂ ಗುರುತು ಕೊಟ್ಟಿದ್ದು, ಯಾರೂ ಕೊಳ್ಳಬಾರದು ಅಂತಲಾ?

ಚೆನ್ನೈ ಅತ್ತೆ: ಚೀಲ ನಾನು ಹೊತ್ತಿದ್ದು. ನಿನಗೇನು?

ಇಲ್ಲಿ ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಅತ್ತೆಯ ಕಡೆ ಆದರು. ಅದು ನಮ್ಮ ಮನೆಯ ಪದ್ಧತಿ.

ಮೈಸೂರು ದೊಡ್ಡಪ್ಪ: ಪಾಶ್ಚಾತ್ಯ ಸಂಗೀತ ಅಂದರೆ ಮೈಸೂರಿನವರಿಗೆ ಪಾಠ ಹೇಳಬೇಡಿ. ಜಯಚಾಮರಾಜ ಒಡೆಯರ್ ಅವರು ಮೆಡ್ಟ್ನರ್ ಅನ್ನುವ ರಷ್ಯನ್ ಸಂಗೀತಗಾರನಿಗೆ ದುಡ್ಡು ಕೊಟ್ಟು ಲಂಡನ್ನಿನಲ್ಲಿ ಅವನ ಕೃತಿಗಳನ್ನು ರೆಕಾರ್ಡ್ ಮಾಡಿಸಿದರು. ಅವನು ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನು ನಮ್ಮ ಮಹಾರಾಜರಿಗೇ ಅರ್ಪಿಸಿದ.

ನಾನು: ನಿಜ ದೊಡ್ಡಪ್ಪ. ಅದರ ಪುಸ್ತಕ ಮೈಸೂರಿನ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಮೈಸೂರು ದೊಡ್ಡಪ್ಪ: …

ಮೈಸೂರು ದೊಡ್ಡಪ್ಪ: ಕಾಫಿಗೆ ಕರೆಯುತ್ತಿದ್ದಾರೆ.

ಅಜ್ಜಿ: 🎤 ಧ್ವನಿ ಸಂದೇಶ

(ಅಜ್ಜಿಗೆ ಟೈಪ್ ಮಾಡುವುದು ಇಷ್ಟ ಇಲ್ಲ. ಕೇಳಿ ಬರೆದಿದ್ದೇನೆ: ‘ಅದೆಲ್ಲ ಇರಲಿ. ಆ ಶ್ವೆಂಕೆ ಯಾಕೆ ಸೇರಿಸಿದ ಅಂತ ಯಾರೂ ಹೇಳಲಿಲ್ಲ. ಸುಮ್ನೆ ಯಾರಾದರೂ ಸೇರಿಸುತ್ತಾರಾ?’)

ನಾನು: ಅಜ್ಜಿ, ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಪುಟ್ಟಿಯ ಎಡಗೈ ಪ್ರತಿ ಬಾರ್‌ನಲ್ಲೂ ಎಲ್ಲಕ್ಕಿಂತ ಕೆಳಗೆ, ಮಂದ್ರದಲ್ಲಿ, ಒಂದು ಸ್ವರ ಇಡುತ್ತದೆ. ಸಿ ಅನ್ನು ಷಡ್ಜ ಅಂದುಕೊಳ್ಳಿ. 22ನೇ ಬಾರ್‌ನಲ್ಲಿ ಪ್ರತಿ ಮಧ್ಯಮ. 23ರಲ್ಲಿ ಶುದ್ಧ ಧೈವತ. ನಡುವೆ ಪಂಚಮ ಇಲ್ಲದೆ ಒಂದೇ ಹಾರು. ಆ ಕಾಲದವರಿಗೆ ಅದು ಬರೆಯುವಾಗ ಕೈತಪ್ಪಿದ ಹಾಗೆ ಕಂಡಿರಬೇಕು. ಮಧ್ಯೆ ಪಂಚಮದ ಒಂದು ಬಾರ್ ಸೇರಿಸಿ ಸಪಾಟು ಮಾಡಿದರು. ಆಮೇಲೆ ಗುನೋ ಅನ್ನುವ ಫ್ರಾನ್ಸಿನ ಸಂಗೀತಗಾರ ಇದೇ ಪ್ರಿಲ್ಯೂಡ್ ಮೇಲೆ ‘ಆವೆ ಮರಿಯಾ’ ಹಾಡು ಕೂರಿಸಿದಾಗ ಆ 36ರ ಪ್ರತಿಯನ್ನೇ ಹಿಡಿದ. ಹಾಗಾಗಿ ಅದು ಎಲ್ಲರ ಕಿವಿಗೂ ಹತ್ತಿತು.

ಅಕ್ಕ: ಪುಟ್ಟಿ, ಎರಡೂ ನುಡಿಸಿ ಕಳಿಸು.

ಪುಟ್ಟಿ: 🎤 ಧ್ವನಿ ಸಂದೇಶ

ಪುಟ್ಟಿ: 🎤 ಧ್ವನಿ ಸಂದೇಶ

ದಾದರ್ ಚಿಕ್ಕಮ್ಮ: ನನಗೆ ಎರಡೂ ಒಂದೇ ಥರ ಕೇಳಿಸಿತು. ಚೆನ್ನಾಗಿತ್ತು ಪುಟ್ಟಿ 👏

ಮೈಸೂರು ದೊಡ್ಡಪ್ಪ: ನನ್ನ ಪಿಡಿಎಫ್‌ನದ್ದೇ ಚೆನ್ನಾಗಿದೆ. ನಯವಾಗಿ ಹೋಗುತ್ತದೆ.

ಅಜ್ಜಿ: 🎤 ಧ್ವನಿ ಸಂದೇಶ

(‘ಪಂಚಮ ಬಿಟ್ಟರೆ ಏನಾಯಿತು? ಹಿಂದೋಳದಲ್ಲಿ ಪಂಚಮವೇ ಇಲ್ಲ, ಯಾರಾದರೂ ಹೋಗಿ ಸೇರಿಸಿದರಾ? ಪಂಚಮ ಇಲ್ಲದ್ದರಲ್ಲಿ ಆ ಜಾಗಕ್ಕೆ ಬಂದಾಗ ಎದೆ ಒಂಚೂರು ಜುಂ ಅಂತು. ಅಂಗಡಿ ಪುಸ್ತಕ ತನ್ನಿ. ದುಡ್ಡು ನಾನು ಕೊಡುತ್ತೇನೆ.’)

ಅಕ್ಕ: ಎಚ್‌ಎನ್ ಎಷ್ಟು ಅಂದೆ?

ನಾನು: 14.

ಮೈಸೂರು ದೊಡ್ಡಪ್ಪ: ಹೋದಾಗ ಮೆಡ್ಟ್ನರ್ ಇದೆಯಾ ಅಂತಲೂ ಕೇಳಿ ಬಾ. ನನಗಲ್ಲ, ಸುಮ್ನೆ.