ಕಸಿ ಮಾವಿನ ಬುಡದ ಚಿಗುರು ಕತ್ತರಿಸಬೇಕಾ? ಸಹಾಯ ಬೇಕು

ನಮಸ್ಕಾರ, ನಾವು ಮಂಡ್ಯದವರು. ಮಳೆಗಾಲ ಮುಗಿಯುವಾಗ ನರ್ಸರಿಯಲ್ಲಿ ಉಳಿದ ಗಿಡಗಳನ್ನು ಅರ್ಧ ಬೆಲೆಗೆ ಕೊಡುತ್ತಿದ್ದರು. ಮಲ್ಲಿಕಾ ಮಾವಿನ ಕಸಿ ಗಿಡ ತಂದೆ. ಅಪ್ಪನಿಗೆ ಆ ಹಣ್ಣು ಅಂದರೆ ಪ್ರಾಣ. ಕವರ್ ಹರಿದರೆ ಬೇರು ಚಕ್ಕುಲಿ ಥರ ಸುತ್ತಿಕೊಂಡಿತ್ತು. ನಿಧಾನವಾಗಿ ಬಿಡಿಸಿ, ಕೊಟ್ಟಿಗೆ ಗೊಬ್ಬರ ಹಾಕಿ, ಕಸಿ ಗಂಟು (ನಾಟಿ ಮಾವಿನ ಬುಡಕ್ಕೆ ಮಲ್ಲಿಕಾ ಕಡ್ಡಿ ಬೆಸೆದ ಜಾಗ) ಮಣ್ಣಿಗಿಂತ ಮೇಲೆ ಇರುವ ಹಾಗೆ ನೆಟ್ಟೆ.

ಎರಡು ತಿಂಗಳಾಯಿತು. ಗಂಟಿನ ಮೇಲಿನ ಎಲೆಯೆಲ್ಲ ಉದುರಿವೆ. ಉಗುರಿನಿಂದ ಕೆರೆದರೆ ತೊಗಟೆಯೊಳಗೆ ಇನ್ನೂ ಹಸಿರಿದೆ. ಆದರೆ ಗಂಟಿನ ಕೆಳಗೆ ಎರಡು ಚಿಗುರು ಜೋರಾಗಿ ಬರುತ್ತಿವೆ. ಅವು ನಾಟಿ ಮಾವಿನವು, ಮಲ್ಲಿಕಾ ಅಲ್ಲ, ಅಲ್ವಾ? ಬಿಟ್ಟರೆ ಶಕ್ತಿಯೆಲ್ಲ ಅವೇ ಹೀರಿಕೊಳ್ಳುತ್ತವೆ. ಕತ್ತರಿಸಿದರೆ ಎಲೆಯೇ ಇಲ್ಲದೆ ಬೇರು ಸಾಯುತ್ತದೇನೋ ಅಂತ ಭಯ.

ಅನುಭವ ಇರುವವರು ಹೇಳಿ: ಎರಡನ್ನೂ ಈಗಲೇ ಕತ್ತರಿಸಲಾ, ಇಲ್ಲ ಮೇಲೆ ಚಿಗುರುವವರೆಗೆ ಒಂದನ್ನು ಉಳಿಸಿಕೊಳ್ಳಲಾ?